ಬೂದಪ್ಪ ಕಿಚ್ಚು ಹಾಯ್ದದ್ದು

ನಮ್ಮ ಮನೆಯ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಪಕ್ಕ ಒಂದು ಗ್ರಾನೈಟ್ ಕಲ್ಲಿದೆ. ಅಡುಗೆಮನೆಯ ಕಟ್ಟೆಗೆ ಹಾಸಿ ಮಿಕ್ಕ ತುಂಡು. ಎರಡು ಅಂಗೈ ಅಗಲ, ಕಪ್ಪು ಬಣ್ಣ. ತಣ್ಣೀರಿಗೆಂದು ಬಾಗಿಲು ತೆಗೆದ ನೆಂಟರು ಅದನ್ನು ನೋಡಿ ಬಾಗಿಲು ಮುಚ್ಚುತ್ತಾರೆ, ನನ್ನ ಮುಖ ನೋಡುತ್ತಾರೆ, ಮತ್ತೊಮ್ಮೆ ತೆಗೆದು ನೋಡುತ್ತಾರೆ. ಕೇಳಲು ಸಂಕೋಚ. ಕಾಲೇಜಿನಲ್ಲಿ ಪಾಠ ಹೇಳುವ ಹೆಂಗಸು, ನೋಡಿದರೆ ತಲೆ ನೆಟ್ಟಗೇ ಇದ್ದಂತಿದೆ, ಆದರೆ ಫ್ರಿಜ್ಜಿನಲ್ಲಿ ಕಲ್ಲು. ನಾನೂ ಈಗೀಗ ವಿವರಿಸಲು ಹೋಗುವುದಿಲ್ಲ. "ಅದು ಬೂದಪ್ಪ ಮಲಗುವ ಹಾಸಿಗೆ" ಎಂದರೆ ಯಾರು ತಾನೆ ಕಾಫಿ ಪೂರ್ತಿ ಕುಡಿದು ಹೋಗುತ್ತಾರೆ?

ನಿಮಗೆ ಹೇಳುತ್ತೇನೆ. ಬೂದಪ್ಪ ಒಂದು ಚಿಂಚಿಲ. ಇಲಿಗಿಂತ ದೊಡ್ಡದು, ಮೊಲಕ್ಕಿಂತ ಚಿಕ್ಕದು, ಬಾಲ ಅಳಿಲಿನದು, ಕಿವಿ ಮಾತ್ರ ಯಾರಿಂದಲೋ ಎರವಲು ತಂದಂತೆ ದೊಡ್ಡದಾಗಿ, ದುಂಡಗೆ. ಮೈತುಂಬ ಬೂದು ಬಣ್ಣದ ತುಪ್ಪುಳ. ಬೆರಳಿಟ್ಟರೆ ಬೆರಳು ಮುಳುಗುತ್ತದೆ, ಚರ್ಮ ಸಿಗುವುದಿಲ್ಲ. ದಕ್ಷಿಣ ಅಮೆರಿಕದ ಯಾವುದೋ ಚಳಿ ಬೆಟ್ಟದ ಬಂಡೆಗಳ ನಡುವೆ ಕುಪ್ಪಳಿಸಿಕೊಂಡಿರಬೇಕಾದ ಜಾತಿ. ಅದು ಅರಕೆರೆಗೆ, ಏಪ್ರಿಲ್ ತಿಂಗಳಲ್ಲಿ ಬಣವೆಯ ಹುಲ್ಲು ಬಿಸಿಲಿಗೆ ಚಟಚಟ ಎನ್ನುವ ಊರಿಗೆ ಬಂದದ್ದು ನಮ್ಮ ಯಜಮಾನರ ಕೈಯಲ್ಲಿ.

ಯಜಮಾನರು ಕೆ.ಆರ್. ಪೇಟೆಯ ಸರ್ಕಾರಿ ಕಚೇರಿಯೊಂದರಲ್ಲಿದ್ದಾರೆ. ವಾರವೆಲ್ಲ ಅಲ್ಲೇ ಒಂದು ರೂಮಿನಲ್ಲಿದ್ದು ಶನಿವಾರ ಸಂಜೆ ಊರಿಗೆ ಬರುತ್ತಾರೆ. ಬರಿಗೈಯಲ್ಲಿ ಬರುವ ಅಭ್ಯಾಸ ಅವರಿಗಿಲ್ಲ. ಒಂದು ಶನಿವಾರ ಟರ್ಕಿ ಕೋಳಿ ತಂದರು. ಇನ್ನೊಂದು ಶನಿವಾರ ಮೀನಿನ ತೊಟ್ಟಿ. ಒಮ್ಮೆ ತಂದ ಎರಡು ಬಾತುಕೋಳಿಗಳು ಮನೆ ಹಿಂದಿನ ನಾಲೆಗಿಳಿದು, ನೀರು ಹರಿಯುವ ದಿಕ್ಕಿಗೆ ಹೋದವು, ತಿರುಗಿ ನೋಡಲಿಲ್ಲ. ಆ ಎರಡರ ಮೇಲೆ ನನಗೆ ಈಗಲೂ ಗೌರವವಿದೆ. ಸೋಮವಾರ ಬೆಳಗ್ಗೆ ಯಜಮಾನರು ಬಸ್ಸು ಹತ್ತುತ್ತಾರೆ. ತಂದದ್ದು ನನ್ನ ಜೊತೆ ಉಳಿಯುತ್ತದೆ.

ನಾಗಮಂಗಲದ ಕಚೇರಿಯಲ್ಲಿದ್ದ ಅವರ ಸಹೋದ್ಯೋಗಿಯೊಬ್ಬರಿಗೆ ಕಲಬುರಗಿಗೆ ವರ್ಗವಾಯಿತಂತೆ. ಆ ಬಿಸಿಲಿಗೆ ಈ ಪ್ರಾಣಿ ಒಂದು ದಿನವೂ ತಡೆಯುವುದಿಲ್ಲವಂತೆ. "ನಿಮ್ಮೂರು ನಾಲೆ ಬಯಲು, ತಂಪು" ಎಂದು ಅವರು ಹೇಳಿದರಂತೆ. ಇವರು ನಂಬಿದರಂತೆ. ಪಂಜರವನ್ನು ಜಗುಲಿಯ ಮೇಲಿಟ್ಟಾಗ ನಮ್ಮ ಮಾವ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಏನ್ಲಾ ಇದು?"

"ಚಿಂಚಿಲ ಅಂತ ಅಪ್ಪ."

"ಅದ್ಯಾಕ್ಲಾ ಅಂಗ್ ಸುತ್ತಿ ಯೋಳ್ತೀಯ, ಇಲಿ ಅನ್ನು. ಇಲಿ ಕಾಟ ತಡೀನಾರ್ದೆ ಪಕ್ಕದ್ಮನೆ ಜಯಮ್ಮ ಬೆಕ್ಕು ಸಾಕವ್ಳೆ. ನೀನು ಪಂಜರ್ದಾಗೆ ಇಲಿ ಕೂರಿಸ್ಕೊಂಡ್ ಬಂದಿದ್ದೀಯಲ್ಲೋ!"

"ಹದಿನೈದು ದಿನ ಇರ್ಲಿ ಅಪ್ಪ, ಆಮೇಲೆ ಯಾರಿಗಾದ್ರೂ ಕೊಟ್ಬುಡ್ತೀನಿ."

ಇದು ಹೋದ ವರ್ಷದ ಮಾತು. ಆ ಹದಿನೈದು ದಿನ ಇನ್ನೂ ಮುಗಿದಿಲ್ಲ. ಚೆನ್ನಾಗಿ ನೋಡಿಕೊಂಡರೆ ಈ ಪ್ರಾಣಿ ಇಪ್ಪತ್ತು ವರ್ಷ ಬದುಕುತ್ತದೆ ಎಂದು ನನಗೆ ಆಮೇಲೆ ತಿಳಿಯಿತು. ಲೆಕ್ಕ ಹಾಕಿದೆ. ನಾನು ನಿವೃತ್ತಳಾದ ಮೇಲೂ ಅದರ ಸೇವಾವಧಿ ಬಾಕಿಯಿರುತ್ತದೆ.

ನಾನು ಹುಟ್ಟಿ ಬೆಳೆದದ್ದು ಸಿಂಧಘಟ್ಟದಲ್ಲಿ. ಅಲ್ಲಿ ನಾವು ಪ್ರಾಣಿಗಳನ್ನು ಸಾಕುತ್ತಿದ್ದೆವು ಎಂದು ಹೇಳಲಾರೆ. ಪ್ರಾಣಿಗಳು ಇರುತ್ತಿದ್ದವು, ನಾವೂ ಇರುತ್ತಿದ್ದೆವು. ನಾಯಿಯ ಹೆಸರು ನಾಯಿ. ಬೆಕ್ಕಿಗೆ ಅದೂ ಇರಲಿಲ್ಲ. ನಮ್ಮಜ್ಜಿ ಎಮ್ಮೆಯ ಜೊತೆ ಮಾತ್ರ ದಿನವೂ ಮಾತಾಡುತ್ತಿದ್ದಳು, ಅದೂ ಹಾಲು ಕರೆಯುವ ಹೊತ್ತಿಗೆ, ಬಹುಪಾಲು ನಮ್ಮಮ್ಮನ ಮೇಲಿನ ದೂರು. ಎಮ್ಮೆ ಮೆಲುಕು ಹಾಕುತ್ತ ಕೇಳಿಸಿಕೊಳ್ಳುತ್ತಿತ್ತು. ಯಾವ ಪ್ರಾಣಿಗೂ ಇಷ್ಟೇ ಬಿಸಿ ಇರಬೇಕು, ಇಷ್ಟೇ ಚಳಿ ಇರಬೇಕು ಎಂಬ ಷರತ್ತು ಇದ್ದದ್ದು ನಾನು ಕಾಣೆ. ಹಾಗೆ ಬೆಳೆದವಳು, ವಾಣಿಜ್ಯಶಾಸ್ತ್ರದಲ್ಲಿ ಎಂ.ಕಾಂ. ಮಾಡಿದವಳು, ಒಂದು ಪಂಜರವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಪಾಂಡವಪುರಕ್ಕೆ ಹೋದೆ. ಯಾಕೆಂದರೆ ಬಂದ ನಾಲ್ಕನೆಯ ದಿನವೇ ಅದರ ಕಿವಿ ಕೆಂಪಗಾಗಿ, ಬಾಯಿ ತೆರೆದು, ಮಗ್ಗುಲಾಗಿ ಬಿದ್ದುಕೊಂಡಿತ್ತು.

ಪಶುವೈದ್ಯರು ಪಂಜರ ನೋಡಿ ಕುರ್ಚಿ ಹಿಂದಕ್ಕೆ ಸರಿಸಿದರು. "ಮೇಡಂ, ನಾನು ಹಸು ಎಮ್ಮೆ ಡಾಕ್ಟ್ರು. ನಾಯಿ ಬಂದ್ರೂ ಒಂದ್ಸಲ ಯೋಚ್ನೆ ಮಾಡ್ತೀನಿ." ಆದರೂ ಒಳ್ಳೆಯವರು. ಮೈಸೂರಿನ ತಮ್ಮ ಗೆಳೆಯರೊಬ್ಬರಿಗೆ ಫೋನು ಮಾಡಿ, ಕೇಳಿಸಿಕೊಂಡದ್ದನ್ನು ಒಂದು ಚೀಟಿಯ ಹಿಂದೆ ಬರೆದುಕೊಟ್ಟರು. ಬಿಸಿಲು ಆಗದು. ಸೆಕೆ ಆಗದು. ಒದ್ದೆ ಗೋಣಿ ಕಟ್ಟಿದ ಕಿಟಕಿಯ ತಂಪೂ ಆಗದು, ಗಾಳಿಯಲ್ಲಿ ತೇವ ಕೂಡದು. ಹಸಿ ಸೊಪ್ಪು ಬೇಡ, ಬಾಳೆಹಣ್ಣು ಬೇಡ, ಬೆಲ್ಲ ಬೇಡವೇ ಬೇಡ, ಒಣಹುಲ್ಲು ಮಾತ್ರ. ಹಲ್ಲು ಬೆಳೆಯುತ್ತಲೇ ಇರುತ್ತದೆ, ಕಡಿಯಲು ಏನಾದರೂ ಕೊಡುತ್ತಿರಿ. ಎಲ್ಲಕ್ಕಿಂತ ಮುಖ್ಯ, ನೀರು ತಾಗಿಸಬೇಡಿ. ತುಪ್ಪುಳ ಎಷ್ಟು ದಟ್ಟವೆಂದರೆ ಒಮ್ಮೆ ನೆನೆದರೆ ಬುಡ ಒಣಗುವುದಿಲ್ಲ, ಚಳಿ ಹಿಡಿದು ಸಾಯುತ್ತದೆ. ಸ್ನಾನಕ್ಕೆ ನುಣುಪು ಧೂಳು ಕೊಡಿ, ಅದರಲ್ಲಿ ಹೊರಳಾಡಿ ತಾನೇ ಚೊಕ್ಕಟವಾಗುತ್ತದೆ.

ಆ ಧೂಳು ನಮ್ಮ ಕಡೆ ಎಲ್ಲೂ ಸಿಗದೆ ಪಾರ್ಸಲ್ಲಿನಲ್ಲಿ ತರಿಸಿದೆ. ಅಂಚೆಯವನು ಕೊಡುವಾಗ ಏನೆಂದು ಕೇಳಿದ. ಹುಟ್ಟಿದಾಗಿನಿಂದ ಸುಳ್ಳು ಹೇಳದ ನಾನು ನಿಜ ಹೇಳಿದೆ. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಜಯಮ್ಮ ಗೋಡೆಯ ಮೇಲಿಂದ ಕತ್ತು ಹಾಕಿದಳು.

"ಮೇಡಮ್ಮೋರೆ, ಮಣ್ಣು ತರ್ಸಿದ್ರಂತೆ ಪೋಸ್ಟಲ್ಲಿ?"

"ಮಣ್ಣಲ್ಲ ಜಯಮ್ಮ, ಅದು ಬೇರೆ ಥರ."

"ನಮ್ಮೂರ ಮಣ್ಣು ಏನ್ ಪಾಪ ಮಾಡಿತ್ತು ಅಂತೀನಿ. ಬಸ್ಸು ಓದ್ಮೇಲೆ ರೋಡಲ್ಲಿ ನಿಂತ್ಕೊಂಡ್ರೆ ಬೇಕಾದಷ್ಟು ಬತ್ತದೆ."

ಕೊನೆಗೆ ರಾಗಿ ಮೂಟೆ ಇಡುತ್ತಿದ್ದ ಒಳಕೋಣೆಗೆ ಏಸಿ ಹಾಕಿಸಿದೆವು. ಮನೆಯಲ್ಲಿ ಮನುಷ್ಯರಿಗೆ ಫ್ಯಾನು, ಬೂದಪ್ಪನಿಗೆ ಏಸಿ. ಕರೆಂಟು ಹೋದಾಗ ಆ ಗ್ರಾನೈಟ್ ಕಲ್ಲು. ಅದರ ಮೇಲೆ ಹೊಟ್ಟೆ ಅಂಟಿಸಿ ಮಲಗಿ, ಕಣ್ಣು ಅರ್ಧ ಮುಚ್ಚಿ, ನನ್ನ ಸೇವೆಯಲ್ಲಿ ಇನ್ನೇನು ಕೊರತೆಯಿದೆ ಎಂದು ಯೋಚಿಸುತ್ತಿರುತ್ತದೆ. ಅಷ್ಟು ಮಾಡಿದರೂ ನನ್ನನ್ನು ಕಂಡರೆ ಅದಕ್ಕೆ ವಿಶೇಷ ಪ್ರೀತಿಯೇನಿಲ್ಲ. ಎತ್ತಿಕೊಳ್ಳಲು ಹೋದರೆ ಗೋಡೆಗೆ ಒದ್ದು ನನ್ನೆತ್ತರ ಹಾರುತ್ತದೆ. ಬಿಗಿಯಾಗಿ ಹಿಡಿದರೆ ಹಿಡಿದ ಜಾಗದ ತುಪ್ಪುಳವನ್ನೇ ಕಿತ್ತು ಕೈಗೆ ಕೊಟ್ಟು ತಾನು ಹೊರಟುಹೋಗುತ್ತದೆ. ಶತ್ರುವಿನಿಂದ ತಪ್ಪಿಸಿಕೊಳ್ಳಲು ಅದರ ಜಾತಿಯ ಉಪಾಯವಂತೆ. ನಾನು ಆ ಪಟ್ಟಿಯಲ್ಲಿದ್ದೇನೆ. ದ್ವಿತೀಯ ಪಿಯುಸಿಯ ಹದಿನೆಂಟು ಉತ್ತರ ಪತ್ರಿಕೆಗಳ ಅಂಚು ತಿಂದದ್ದೂ ಅದೇ. ಮಕ್ಕಳಿಗೆ ಏನು ಹೇಳಲಿ? ಹಾಳೆ ಕೈಗೆ ಕೊಟ್ಟು, "ಅಂಕ ಸರಿಯಾಗಿದೆಯಾ ನೋಡಿಕೊಳ್ಳಿ" ಎಂದಷ್ಟೇ ಹೇಳಿದೆ.

ಮಾವನಿಗೆ ಮಾತ್ರ ಅದು ಒಲಿಯಿತು. ಏಸಿ ಹಾಕಿಸುವಾಗ ದೊಡ್ಡ ರಂಪ ಮಾಡಿದವರು ಅವರೇ. "ಇಲೀಗೆ ಏಸಿ ಆಕ್ಸ್ತಾವ್ರೆ, ನಾಳೆ ತಿಗಣೆಗೆ ಹಾಸ್ಗೆ ಒಲಿಸ್ತಾರೆ" ಎಂದು ಹಾಲಿನ ಡೇರಿಯ ಮುಂದೆ ನಿಂತು ಹೇಳಿದ್ದರು. ಮೇ ತಿಂಗಳ ಒಂದು ಮಧ್ಯಾಹ್ನ ನಾನು ಶ್ರೀರಂಗಪಟ್ಟಣದ ಕಾಲೇಜಿನಿಂದ ಬಂದು ನೋಡಿದರೆ ಅವರ ಚಾಪೆ ಒಳಕೋಣೆಯಲ್ಲಿತ್ತು. ಕಾವಲಿಗೆ ಎಂದರು. ಮಾರನೆಯ ದಿನ ದಿಂಬೂ ಕಾವಲಿಗೆ ಬಂತು. ಅತ್ತೆ ತೀರಿಕೊಂಡ ಮೇಲೆ ನಮ್ಮ ಮಾವ ಮನೆಯೊಳಗೆ ಮಾತು ಕಡಿಮೆ ಮಾಡಿದ್ದರು. ಈಗ ಬಾಗಿಲ ಈಚೆ ನಿಂತರೆ ಒಳಗಿನಿಂದ ಮಾತು ಕೇಳುತ್ತಿತ್ತು. "ಬೂದಪ್ಪ, ಇವತ್ತು ಮೂರ್ನೇ ಗದ್ದೇಗೆ ನೀರು ಬುಟ್ಟೆ ಕಣ್ಲಾ." ಆ ಹೆಸರನ್ನು ಇಟ್ಟವರೂ ಅವರೇ. ಅದು ಅವರ ಅಂಗಿಯ ಗುಂಡಿ ಕಡಿಯುತ್ತಿತ್ತು, ಅವರು ಕಡಿಸಿಕೊಳ್ಳುತ್ತಿದ್ದರು. ಕಿತ್ತುಬಂದ ಗುಂಡಿ ಹೊಲಿಯುವವಳು ನಾನು.

ಹೀಗೆ ಸಂಕ್ರಾಂತಿ ಬಂತು.

ನಮ್ಮ ಕಡೆ ಸಂಕ್ರಾಂತಿ ದನಕರುಗಳ ಹಬ್ಬ. ಬೆಳಗ್ಗೆ ಅವನ್ನು ನಾಲೆಗೆ ಹೊಡೆದುಕೊಂಡು ಹೋಗಿ ಮೈ ತೊಳೆದು, ಅರಿಸಿನ ಬಳಿದು, ಕೊಂಬಿಗೆ ಬಣ್ಣ ಹಾಕಿ ಸಿಂಗರಿಸುತ್ತಾರೆ. ಸಂಜೆ ಬೀದಿಗೆ ಅಡ್ಡಲಾಗಿ ಹುಲ್ಲು ಹಾಸಿ ಬೆಂಕಿ ಹಚ್ಚಿ, ಅದರ ಮೇಲೆ ದಾಟಿಸುತ್ತಾರೆ. ಅದು ಕಿಚ್ಚು ಹಾಯಿಸುವುದು. ಕಿಚ್ಚು ಹಾಯ್ದ ದನಕ್ಕೆ ಆ ವರ್ಷ ರೋಗರುಜಿನ ಮುಟ್ಟುವುದಿಲ್ಲ ಎಂಬುದು ನಂಬಿಕೆ. ಚಿಕ್ಕಂದಿನಲ್ಲಿ ಸಿಂಧಘಟ್ಟದಲ್ಲಿ ನಾವು ಹೆಣ್ಣುಮಕ್ಕಳು ಹೊಸ ಲಂಗ ಮೊಣಕಾಲಿಗೆತ್ತಿ ಹಿಡಿದು ಜಗುಲಿಯ ಮೇಲಿಂದ ನೋಡುತ್ತಿದ್ದೆವು. ಬೆಂಕಿ ಕಂಡು ನಿಂತುಬಿಟ್ಟ ಎತ್ತಿನ ಬಾಲ ಹಿಡಿದು ನಮ್ಮಪ್ಪ ತಿರುವುತ್ತಿದ್ದುದು, ಅದು ನಮ್ಮಪ್ಪನನ್ನೂ ಎಳೆದುಕೊಂಡು ಹಾರುತ್ತಿದ್ದುದು, ಆಮೇಲೆ ಅಮ್ಮ ಅವರ ಮೊಣಕಾಲಿಗೆ ಬೆಣ್ಣೆ ಹಚ್ಚುತ್ತ ಬೈಯುತ್ತಿದ್ದುದು ನೆನಪಿದೆ. ನನಗೆ ಬೆಂಕಿಗಿಂತ ಅಮ್ಮನ ಬೈಗುಳ ಖುಷಿ ಕೊಡುತ್ತಿತ್ತು.

ಹಬ್ಬದ ಬೆಳಗ್ಗೆ ನನ್ನ ಭಯವೆಲ್ಲ ನೀರಿನದು. ಮನೆಯ ಎತ್ತು, ಹಸು, ಕರು, ಕೊನೆಗೆ ಟ್ರಾಕ್ಟರು ಕೂಡ ಮೈ ತೊಳೆಸಿಕೊಳ್ಳುವ ದಿನ ಬೂದಪ್ಪನನ್ನು ಬಿಡುತ್ತಾರೆಯೇ? ಒಳಕೋಣೆಗೆ ಬೀಗ ಹಾಕಿ, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಮಾವನ ಮುಂದೆ ನಿಂತು ಪಾಠ ಹೇಳಿದಂತೆಯೇ ಹೇಳಿದೆ.

"ಮಾವ, ಅದಕ್ಕೆ ಒಂದು ಹನಿ ನೀರೂ ಸೋಕಿಸ್ಬಾರದು. ಸೋಕಿದ್ರೆ ಸತ್ತೇ ಹೋಗುತ್ತೆ."

"ಗೊತ್ತು ಕಣವ್ವ. ಎಷ್ಟ್ ಕಿತ ಯೋಳೀಯ. ನೀರು ಸೋಕ್ಸಾಕಿಲ್ಲ, ಆಯ್ತಾ?"

ಮಾತು ಕೊಟ್ಟರೆ ತಪ್ಪುವವರಲ್ಲ. ನಾನು ನಿಶ್ಚಿಂತೆಯಿಂದ ಪೊಂಗಲು ಮಾಡಿದೆ. ಸಂಜೆ ಎಳ್ಳು ಬೀರಲು ಹೊರಡುವಾಗ ಕೀಲಿಯನ್ನು ಯಜಮಾನರ ಕೈಗೆ ಕೊಟ್ಟು, "ರೀ, ನೀರು, ನೆನಪಿರಲಿ" ಎಂದೆ. ಅವರು ಮೊಬೈಲು ಚಾರ್ಜಿಗೆ ಹಾಕುತ್ತ ಹೂಂ ಎಂದರು. ನೋಡಿ, ಇದನ್ನು ಎಷ್ಟು ಸಲ ನೆನೆಸಿಕೊಂಡರೂ ನನಗೆ ನನ್ನ ಮೇಲೇ ರೇಗುತ್ತದೆ. ಮನೆಯೆದುರು ಹುಲ್ಲು ಹಾಸುತ್ತಿದ್ದರು. ನಾನು ಆ ಹುಲ್ಲನ್ನು ದಾಟಿಕೊಂಡೇ ಹೋದೆ. ಸೀರೆಯ ನೆರಿಗೆ ಎತ್ತಿ ಹಿಡಿದು, ಎಳ್ಳಿನ ತಟ್ಟೆ ಬೀಳದಂತೆ ಜೋಪಾನವಾಗಿ ದಾಟಿದೆ. ಇಷ್ಟು ಓದಿದ ತಲೆಗೆ ಬೆಂಕಿಯ ಯೋಚನೆ ಬರಲಿಲ್ಲ.

ನಾಲ್ಕು ಮನೆಗೆ ಎಳ್ಳು ಬೀರಿ ಬೀದಿಯ ತಿರುವಿಗೆ ಬಂದಾಗ ತಮಟೆ ಬಡಿಯುತ್ತಿತ್ತು. ನಮ್ಮ ಎತ್ತುಗಳು ಆಗಲೇ ಹಾಯ್ದು ಆಚೆ ನಿಂತಿದ್ದವು. ಕಿಚ್ಚಿನ ಒಂದು ತುದಿ ಆರುತ್ತಿತ್ತು. ಎಳೆಗರುಗಳನ್ನು ನಮ್ಮ ಮನೆಯಲ್ಲಿ ಎತ್ತಿಕೊಂಡು ಹೀಗೆ ಆರುವ ತುದಿಯಲ್ಲೇ ದಾಟಿಸುವುದು. ಮಾವ ಅಲ್ಲಿ ನಿಂತಿದ್ದರು. ಹೊಸ ಪಂಚೆ, ಹಣೆಗೆ ಕುಂಕುಮ, ಎದೆಗವಚಿದ ಟವೆಲ್ಲಿನೊಳಗಿಂದ ಎರಡು ದುಂಡು ಕಿವಿ. ಯಜಮಾನರು ಎದುರಿಗೆ ನಿಂತು ವಿಡಿಯೋ ಮಾಡುತ್ತಿದ್ದರು.

ನಾನು ಕೂಗುವಷ್ಟರಲ್ಲಿ ತಮಟೆಯವರು ಒಂದು ಏಟು ಜೋರಾಗಿ ಬಿಟ್ಟರು. ಬೂದಪ್ಪ ಹಾರಿತು. ಒಂದು ಹಿಡಿ ತುಪ್ಪುಳ ಮಾವನ ಕೈಯಲ್ಲುಳಿಯಿತು. ಅದು ಬಿದ್ದದ್ದು ಮುಂದಿನ ದನಗಳಿಗೆಂದು ಪಕ್ಕದಲ್ಲೇ ಹಾಸಿದ್ದ, ಇನ್ನೂ ಬೆಂಕಿ ಹತ್ತದ ಹುಲ್ಲಿನ ಮೇಲೆ, ಬಿದ್ದಲ್ಲೇ ಕಲ್ಲಿನಂತೆ ಕೂತುಬಿಟ್ಟಿತು. ಉರಿ ಆ ಕಡೆಗೇ ಹರಿಯುತ್ತಿತ್ತು. ಮಾವನಿಗೆ ಎಪ್ಪತ್ತೆರಡು. ಅವರು ಯೋಚನೆ ಮಾಡಲಿಲ್ಲ, ನಡುವೆ ಕಾಲಿಟ್ಟರು. ಬಗ್ಗಿ ಎತ್ತಿಕೊಂಡರು. ಎದ್ದಾಗ ಪಂಚೆಯ ಅಂಚು ಹತ್ತಿಕೊಂಡಿತ್ತು.

ಎರಡೂ ಕೈಯಲ್ಲಿ ಆ ಪ್ರಾಣಿ. ಬೆಂಕಿ ಬಡಿದುಕೊಳ್ಳಲು ಕೈಯಿಲ್ಲ. ಜನ ನಾಲ್ಕೂ ಕಡೆಯಿಂದ ಕೂಗುತ್ತಿದ್ದರು. "ಬುಡು ಗೌಡ, ಅದ್ನ ಬುಟ್ಬುಡು! ಪಂಚೆ ಹತ್ಕೊಂಡದೆ!" ಅವರು ಬಿಡಲಿಲ್ಲ. ಜಯಮ್ಮ ಎಲ್ಲಿದ್ದಳೋ, ಎತ್ತಿಗೆ ಕುಡಿಯಲಿಟ್ಟಿದ್ದ ಬಕೆಟ್ಟು ಎತ್ತಿಕೊಂಡು ಓಡಿಬಂದಳು. ಅವಳು ನೀರು ಎರಚುವ ಗಳಿಗೆಯಲ್ಲಿ ಮಾವ ಮಾಡಿದ್ದನ್ನು ನಾನು ನನ್ನ ಕಣ್ಣಾರೆ ನೋಡಿದೆ. ಎರಡೂ ಕೈ ನೆಟ್ಟಗೆ ಮೇಲೆತ್ತಿದರು, ಬೂದಪ್ಪನನ್ನು ತಲೆಯ ಮೇಲೆ ಹಿಡಿದರು. ನೀರು ಸೊಂಟದ ಕೆಳಗೆ ಬಿತ್ತು. ಅದಕ್ಕೆ ಒಂದು ಹನಿಯೂ ಸೋಕಲಿಲ್ಲ.

ಎಲ್ಲ ಸೇರಿ ಅರ್ಧ ನಿಮಿಷವೂ ಇಲ್ಲ. ಬೂದಪ್ಪನಿಗೆ ಮೀಸೆಯ ತುದಿ ಸುರುಟಿದ್ದು ಬಿಟ್ಟರೆ ಏನೂ ಆಗಲಿಲ್ಲ. ಮಾವನ ಎಡಗಾಲಿನ ಮೀನಖಂಡ ಅಂಗೈಯಗಲ ಸುಟ್ಟಿತ್ತು. ಶ್ರೀರಂಗಪಟ್ಟಣದ ಆಸ್ಪತ್ರೆಗೆ ಬೀದಿಯವರೊಬ್ಬರ ಕಾರಿನಲ್ಲಿ ಕರೆದುಕೊಂಡು ಹೋಗುವಾಗ ನಾನು ಬೈಯುತ್ತಲೇ ಇದ್ದೆ. ಸೊಸೆ ಮಾವನಿಗೆ ಹೇಳಬಾರದ್ದನ್ನೆಲ್ಲ ಹೇಳಿದೆ. "ಅಷ್ಟು ಹೇಳಿದ್ದೆನಲ್ಲ ಮಾವ, ಅಷ್ಟು ಹೇಳಿದ್ದೆನಲ್ಲ!"

ಅವರು ಕಾಲು ನೀಡಿಕೊಂಡು, ಹಲ್ಲು ಕಚ್ಚಿಕೊಂಡು, ಸಮಾಧಾನವಾಗಿಯೇ ಹೇಳಿದರು. "ನೀರು ಬ್ಯಾಡ ಅಂದೆ, ಸೋಕ್ಸ್ನಿಲ್ಲ. ಕಿಚ್ಚು ಬ್ಯಾಡ ಅಂದ್ಯೇನವ್ವ? ಮನೇಲಿ ಎಲ್ಲಾ ಹಾಯ್ತವೆ, ಅದೊಂದೇ ಯಾಕೆ ಹೊರಗಿರ್ಬೇಕು. ಬ್ಯಾಸ್ಗೇಲಿ ಅದು ಬಿದ್ಕೊಂಡಿದ್ದು ನೋಡಿದ್ದೀನಲ್ಲ, ಮತ್ತೆ ಅಂಗಾಗ್ಬಾರ್ದು ಅಂತ."

ಮುಂದಿನ ಸೀಟಿನಲ್ಲಿ ಯಜಮಾನರಿದ್ದರು. ಅವರ ಕೈಯಲ್ಲಿ ಮೊಬೈಲಿನ ವಿಡಿಯೋ ಇನ್ನೂ ಓಡುತ್ತಲೇ ಇತ್ತು. ನಿಲ್ಲಿಸುವುದು ಅವರಿಗೆ ಮರೆತುಹೋಗಿತ್ತು. ಕಟುಕತನವಲ್ಲ ಅದು. ಮನುಷ್ಯ ಬೆದರಿದಾಗ ಕೈ ಎಲ್ಲಿರುತ್ತದೋ ಅಲ್ಲೇ ಉಳಿಯುತ್ತದೆ. ಇದನ್ನು ನಾನು ಒಪ್ಪಿದ್ದು ತಿಂಗಳಾದ ಮೇಲೆ. ಅಲ್ಲಿಯವರೆಗೆ ಶನಿವಾರದ ಸಾರಿಗೆ ಉಪ್ಪು ಅವರೇ ಹಾಕಿಕೊಳ್ಳುತ್ತಿದ್ದರು.

ತೊಂದರೆ ಶುರುವಾದದ್ದು ಆ ವಿಡಿಯೋದಿಂದ. ಯಾರೋ ಕೇಳಿದರು, ಇವರು ಕಳಿಸಿದರು, ಎರಡು ದಿನದಲ್ಲಿ ಊರಿನ ಎಲ್ಲ ಫೋನಿಗೂ ಹೋಯಿತು. ಅದರಲ್ಲಿ ನಾನು ಕಾಣುವುದಿಲ್ಲ, ಕೇಳಿಸುತ್ತೇನೆ. ಮಾವ ಬೆಂಕಿಗೆ ಕಾಲಿಟ್ಟಾಗ ಒಂದು ಹೆಣ್ಣುದನಿ "ಬೂದಪ್ಪಾ!" ಎಂದು ಚೀರುತ್ತದೆ. ಪಂಚೆ ಹತ್ತಿಕೊಂಡಾಗ ಮತ್ತೆ "ಬೂದಪ್ಪಾ!" "ಮಾವ" ಎಂಬ ಮಾತು ಬರುವುದು ಜಯಮ್ಮ ನೀರು ಎರಚಿ ಮುಗಿದ ಮೇಲೆ.

ಸುಳ್ಳೆಂದು ಹೇಳೋಣವೆಂದರೆ ದನಿ ನನ್ನದೇ. ನೂರು ಮಕ್ಕಳ ತರಗತಿಯಲ್ಲಿ ಹಿಂದಿನ ಬೆಂಚಿಗೆ ಮುಟ್ಟುವ ದನಿ.

"ಅಲ್ಲ ಮೇಡಮ್ಮೋರೆ" ಎಂದಳು ಜಯಮ್ಮ, ಈ ಸಲ ಗೋಡೆಯ ಮೇಲಿಂದಲ್ಲ, ಡೇರಿಯ ಸಾಲಿನಲ್ಲಿ ಎಲ್ಲರ ಮುಂದೆ. "ಮಾವ ಹತ್ಕೊಂಡು ಉರೀತಾವ್ರೆ, ನೀವು ಇಲಿ ಕರೀತೀರಲ್ಲ. ಅವತ್ತು ನಾನು ಬಕೀಟು ತಕ್ಕಬರ್ದೆ ಇದ್ದಿದ್ರೆ ಮೂರ್ನೇ ಕಿತಕ್ಕೂ ಅದ್ರೆಸ್ರೇ ಬರ್ತಿತ್ತೇನೋ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಹಾಲು ಹಾಕದೆ ಮನೆಗೆ ಬಂದೆ, ಮತ್ತೆ ಹೋಗಿ ಹಾಕಿ ಬಂದೆ.

ಬಸ್ಸಿನಲ್ಲಿ ಕಂಡಕ್ಟರು ಕೇಳಿದರು. ಕಾಲೇಜಿನಲ್ಲಿ ಹುಡುಗಿಯರು ಕಾರಿಡಾರಿನ ತುದಿಯಲ್ಲಿ ಒಬ್ಬರನ್ನೊಬ್ಬರು "ಬೂದಪ್ಪಾ" ಎಂದು ಕರೆದುಕೊಳ್ಳುವುದು ಕೇಳಿಸಿತು. ಅದೆಲ್ಲ ತಡೆದುಕೊಳ್ಳಬಹುದು. ಗ್ಯಾಸ್ ಹಚ್ಚಿದಾಗ ಬರುವ ಭುಸ್ ಸದ್ದಿಗೆ ನನ್ನ ಕೈ ಈಗಲೂ ಹಿಂದೆ ಬರುತ್ತದೆ, ಅದನ್ನೂ ತಡೆದುಕೊಳ್ಳಬಹುದು. ಆದರೆ ದಿನಾ ಬೆಳಗ್ಗೆ ಏಳೂವರೆಗೆ ಮಾವನ ಕಾಲಿಗೆ ಮುಲಾಮು ಹಚ್ಚಿ ಬಟ್ಟೆ ಸುತ್ತುವವಳು ನಾನು. ಅವರು ಮಂಚದ ಮೇಲೆ, ನಾನು ಕೆಳಗೆ, ಅವರ ಹಿಮ್ಮಡಿ ನನ್ನ ಮಡಿಲಲ್ಲಿ. ವಿಡಿಯೋವನ್ನು ಅವರೂ ನೋಡಿದ್ದಾರೆಂದು ನನಗೆ ಗೊತ್ತು. ಗಾಯ ನೋಡಲು ಬಂದ ಯಾರೋ ತೋರಿಸಿದ್ದರು. ಅವರು ಅದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಗದ್ದೆಗೆ ನೀರು ಬಂತೇ, ಬೂದಪ್ಪ ಹುಲ್ಲು ತಿಂದಿತೇ, ಇಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಹದಿನೈದು ವರ್ಷ ನನ್ನ ಕೈ ಊಟ ಮಾಡಿದ ಮನುಷ್ಯ ಸುಡುತ್ತಿರುವಾಗ ನನ್ನ ಬಾಯಿಗೆ ಬಂದದ್ದು ಯಾರ ಹೆಸರು ಎಂದು ಒಮ್ಮೆ ಕೇಳಿಬಿಟ್ಟಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ.

ಒಂದು ದಿನ ನಾನೇ ಶುರುಮಾಡಿದೆ. ಗಾಯ ಆಗಲೇ ಒಣಗುತ್ತ ಬಂದಿತ್ತು, ಸುತ್ತ ಹೊಸ ಚರ್ಮ ತಿಳಿಗೆಂಪಗೆ ಕಾಣುತ್ತಿತ್ತು. ತಲೆಯೆತ್ತದೆ ಹೇಳಿದೆ.

"ಮಾವ, ಅವತ್ತು ನಾನು ಕೂಗಿದ್ದು... ಗಾಬರಿಲಿ ಬಾಯಿಗೆ ಏನ್ ಬಂತೋ ಅದು. ನಿಮಗಿಂತ ಅದು ಹೆಚ್ಚು ಅಂತ ಅಲ್ಲ."

ಮಾವ ನಕ್ಕರು. ಅವರು ನಕ್ಕರೆ ಹಿಮ್ಮಡಿಯೂ ಅಲುಗುತ್ತದೆ.

"ಥೂ, ಅದ್ಕೇನವ್ವ ಇಷ್ಟ್ ದಿನ ಮುಖ ಗಂಟಾಕ್ಕೊಂಡಿದ್ದೆ? ನಂಗೆ ಕಾಲು ಚುರ್ ಅಂದಾಗ ಎಸ್ದುಬುಡಾನ ಅನ್ನುಸ್ತು ಕಣವ್ವ ಅದ್ನ, ನಿಜ್ವಾಗ್ಲೂ. ಅಷ್ಟ್ರಲ್ಲಿ ನೀ ಕೂಗ್ಕೊಂಡೆ. ಓ, ನಮ್ ಹುಡ್ಗಿ ಜೀವ ಇಟ್ಕೊಂಡವ್ಳೆ ಇದ್ರ ಮ್ಯಾಲೆ ಅಂತ ಗಟ್ಟಿಯಾಗ್ ಹಿಡ್ಕಂಡೆ."

ನನ್ನನ್ನು ಸಮಾಧಾನ ಮಾಡಲೆಂದೇ ಹೇಳಿದ ಮಾತು. ಹೇಳಿ, ಸಂತೋಷದಿಂದ ಕಿಟಕಿಯ ಕಡೆ ನೋಡುತ್ತ ಕೂತರು. ಗಂಟು ಹಾಕುತ್ತಿದ್ದ ಬಟ್ಟೆಯನ್ನು ನಾನು ಬಿಚ್ಚಿ, ಮತ್ತೆ ಮೊದಲಿನಿಂದ ಸುತ್ತತೊಡಗಿದೆ.